ಎಡಗೈ ನೋವಿನ ಸುದ್ದಿ

ಆ ಚಳಿಗಾಲ ನಮ್ಮ ಮನೆಯ ವಾಷಿಂಗ್ ಮೆಷಿನ್‌ಗೆ ಎರಡು ಊರಿನ ಬಟ್ಟೆ ಬೀಳುತ್ತಿದ್ದವು. ಮಾವ ಏವರ್ಟ್ ಅವರದು ಕೆಂಪು ಜಾಕೆಟ್ಟು, ಹೆಡ್‌ಫೋರ್ಸ್ ಕ್ಲಬ್ಬಿನದು. ನನ್ನ ಗಂಡ ಹೋಕನ್‌ನದು ಹಸಿರು, ಬ್ರಾನ್‌ವಿಕ್ ಕ್ಲಬ್ಬಿನದು. ನಾವಿರುವುದು ಹೆಡ್‌ಫೋರ್ಸ್‌ನಲ್ಲಿ. ಬ್ರಾನ್‌ವಿಕ್ ಇರುವುದು ನದಿ ಹರಿದು ಹೋಗುವ ಕಡೆ, ಕಾರಿನಲ್ಲಿ ಅರ್ಧ ಗಂಟೆಯ ದಾರಿ. ಎರಡೂ ಊರಿನವರು ಒಬ್ಬರನ್ನೊಬ್ಬರು ಮದುವೆಯಾಗುತ್ತಾರೆ, ಒಂದೇ ಆಸ್ಪತ್ರೆಯಲ್ಲಿ ಹೆರುತ್ತಾರೆ, ಒಂದೇ ಕಾಗದದ ಕಾರ್ಖಾನೆಯಲ್ಲಿ ದುಡಿಯುತ್ತಾರೆ. ಐಸ್ ಹಾಕಿಯ ಮಾತು ಬಂದರೆ ಮಾತ್ರ ಒಬ್ಬರ ಮುಖ ಒಬ್ಬರಿಗೆ ಆಗುವುದಿಲ್ಲ.

"ಆ ಹಸಿರನ್ನ ನನ್ನ ಬಟ್ಟೆ ಜೊತೆ ಹಾಕ್ಬೇಡ ಮಾರಿತಾ," ಅಂದರು ಮಾವ.

"ಬಣ್ಣ ಬಿಡಲ್ಲ ಮಾವ."

"ಬಣ್ಣದ ಮಾತು ಯಾರು ಆಡಿದ್ರು? ಬೇಡ ಅಂದೆ, ಅಷ್ಟೆ."

"ಹಂಗಾದ್ರೆ ನಿಮ್ಮದು ನೀವೇ ಒಗ್ಕೊಳ್ಳಿ. ಇಡೀ ಶಾಲೆಗೆ ಬೇಯಿಸಿ ಹಾಕಿ ಬಂದಿರ್ತೀನಿ. ನಿಮ್ಮ ಅಪ್ಪ ಮಗನ ಜಗಳ ಬಣ್ಣ ಬಣ್ಣವಾಗಿ ಬೇರೆ ಮಾಡಿ ಒಗೆಯೋಕೆ ನನಗೆ ಪುರುಸೊತ್ತಿಲ್ಲ."

ಮರುದಿನ ಕೆಂಪು ಜಾಕೆಟ್ಟು ಸದ್ದಿಲ್ಲದೆ ಬುಟ್ಟಿಗೆ ಬಂದು ಬಿದ್ದಿತ್ತು. ಮೆಷಿನ್ನಿನ ಯಾವ ಗುಂಡಿ ಒತ್ತಬೇಕೆಂದು ಮಾವನಿಗೆ ಗೊತ್ತಿಲ್ಲ. ನಾನು ಎರಡನ್ನೂ ಒಟ್ಟಿಗೇ ಹಾಕಿದೆ.

ಹೋಕನ್ ಹದಿನೇಳನೆಯ ವಯಸ್ಸಿಗೆ ಹೆಡ್‌ಫೋರ್ಸ್‌ನ ಕೆಂಪು ಅಂಗಿ ತೊಟ್ಟವನು. ಡಿಫೆಂಡರ್. ಗೋಲು ಹೊಡೆಯುವುದು ಅವನ ಕೆಲಸವಲ್ಲ, ಬೇರೆಯವರು ಹೊಡೆಯದಂತೆ ನೋಡಿಕೊಳ್ಳುವುದು. ಓಡಿ ಬರುವವನನ್ನು ಭುಜದಿಂದ ಗೋಡೆಗೆ ಒತ್ತಬೇಕು, ಗುಂಡಿನಂತೆ ಬರುವ ರಬ್ಬರ್ ಬಿಲ್ಲೆಗೆ ಮೈಯನ್ನೇ ಅಡ್ಡ ಹಾಕಬೇಕು. ಇದಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಹಲ್ಲು ಮಾತ್ರ ಹೋಗುತ್ತವೆ. ಅವನ ಮುಂದಿನ ಹಲ್ಲುಗಳು ಜರ್ಮನಿಯಲ್ಲಿ ಉಳಿದಿವೆ, ಎಡ ಮೊಣಕಾಲಿನ ಒಂದು ಚೂರು ನಾರ್ವೆಯಲ್ಲಿ. ಅವನು ದೇಶ ದೇಶ ಆಡಿಕೊಂಡು ತಿರುಗಿದ. ಮೊದಮೊದಲು ನಾನೂ ಹಿಂದೆ ಹೋದೆ. ಮಗಳು ತೂವಾ ಹುಟ್ಟಿದ ಮೇಲೆ ಊರಿಗೆ ಬಂದು ನಿಂತುಬಿಟ್ಟೆ. ವರ್ಷಗಟ್ಟಲೆ ಆ ಮಗುವಿಗೆ ಅಪ್ಪ ಎಂದರೆ ಫೋನಿನ ಪರದೆ.

ಆಟ ನಿಂತ ಮೇಲೆ ಮನೆಗೆ ಬಂದ. ಹೆಡ್‌ಫೋರ್ಸ್‌ನಲ್ಲೇ ಹುಡುಗರ ತಂಡಕ್ಕೆ ಕೋಚ್ ಆದ. ದೊಡ್ಡ ತಂಡಕ್ಕೂ ಇವನೇ ಎಂದು ಊರೆಲ್ಲ ಮಾತಾಡಿಕೊಂಡಿತ್ತು. ಆದರೆ ಕ್ಲಬ್ಬಿನ ಸಮಿತಿಯವರು ಆ ಜಾಗಕ್ಕೆ ದಕ್ಷಿಣದಿಂದ ಕ್ರಿಸ್ಟಫರ್ ಎಂಬ ಹುಡುಗನನ್ನು ತಂದು ಕೂರಿಸಿದರು. ಅದೇ ವಾರ ಬ್ರಾನ್‌ವಿಕ್‌ನವರು ಫೋನ್ ಮಾಡಿದರು. ಹೋಕನ್ ಆ ಕ್ಷಣವೇ ಹೂಂ ಅಂದ.

ಮಾವ ಹೆಡ್‌ಫೋರ್ಸ್ ಮೈದಾನದ ಐಸ್ ಯಂತ್ರ ಓಡಿಸುತ್ತಾರೆ. ಆಟದ ಒಂದೊಂದು ಅವಧಿ ಮುಗಿದಾಗಲೂ ಗೀರುಬಿದ್ದ ಐಸನ್ನು ಹೆರೆದು, ಮೇಲೆ ಬಿಸಿನೀರು ಎಳೆದು ಕನ್ನಡಿ ಮಾಡುವ ಕೆಲಸ. ಕಾರ್ಖಾನೆಯಿಂದ ನಿವೃತ್ತರಾದರೂ ಇದನ್ನು ಬಿಟ್ಟಿಲ್ಲ. ಮಗ ಬ್ರಾನ್‌ವಿಕ್‌ಗೆ ಸೇರಿದ ದಿನ ಅವರು ಊಟಕ್ಕೆ ಮೇಲೆ ಬರಲಿಲ್ಲ. ಅವರು ಕೆಳಮನೆಯಲ್ಲಿ, ನಾವು ಮಹಡಿಯಲ್ಲಿ. ಅತ್ತೆ ತೀರಿಹೋದ ಮೇಲೆ ಸಂಜೆಯ ಊಟ ಮಾತ್ರ ಒಟ್ಟಿಗೆ. ಎರಡು ದಿನ ಕೆಳಗೆ ಬ್ರೆಡ್ಡು, ಮೀನಿನ ಡಬ್ಬಿ ತಿಂದರು. ಮೂರನೆಯ ದಿನ ಗುರುವಾರ. ಗುರುವಾರ ಬಟಾಣಿ ಸಾರು, ಪ್ಯಾನ್‌ಕೇಕು. ವಾಸನೆ ಕೆಳಗೆ ಇಳಿಯಲಿ ಎಂದು ನಾನು ಬಾಗಿಲು ತೆರೆದಿಟ್ಟೆ. ಬಂದರು.

"ಊಟದ ಮೇಜಲ್ಲಿ ಹಾಕಿ ಮಾತು ಬೇಡ," ಅಂದೆ. "ಯಾರು ಬಾಯಿ ಬಿಟ್ರೂ ತಟ್ಟೆ ಎತ್ಕೊಂಡು ಹೋಗ್ತೀನಿ."

"ಹಂಗಾದ್ರೆ ಏನು ಮಾತಾಡೋದು?" ಕೇಳಿದಳು ತೂವಾ.

ಯಾರಿಗೂ ಹೊಳೆಯಲಿಲ್ಲ. ಚಮಚದ ಸದ್ದಿನಲ್ಲೇ ಊಟ ಮುಗಿಯಿತು.

ಹೀಗೆ ಫೆಬ್ರವರಿ ಬಂತು. ಬ್ರಾನ್‌ವಿಕ್ ಪಟ್ಟಿಯ ತಳದಲ್ಲಿತ್ತು. ಕೊನೆಯ ಸ್ಥಾನದವರು ಕೆಳಗಿನ ವರ್ಗಕ್ಕೆ ಬೀಳುತ್ತಾರೆ. ಅಲ್ಲಿಗೆ ಬಿದ್ದರೆ ಕೋಚ್‌ಗೆ ಸಂಬಳ ಕೊಡುವಷ್ಟು ದುಡ್ಡು ಆ ಕ್ಲಬ್ಬಿಗೆ ಇರುವುದಿಲ್ಲ. ಊರಿನಲ್ಲಿ ಬೇರೆ ಕೆಲಸ ಎಂದರೆ ಕಾರ್ಖಾನೆ, ಅಲ್ಲೂ ಜನರನ್ನು ಕಳಿಸುತ್ತಿದ್ದರು. ಒಂದು ಶನಿವಾರ, ನಾನು ಸೆಮ್ಲಾ ಬನ್ನುಗಳಿಗೆ ಕ್ರೀಮು ತುಂಬುತ್ತಿದ್ದಾಗ, ಹೋಕನ್‌ನ ಫೋನ್ ಬಂತು. ಅವನು ಜರ್ಮನ್‌ನಲ್ಲಿ ಮಾತಾಡುತ್ತಾ ಬಾಲ್ಕನಿಗೆ ಹೋದ. ಹಿಮದಲ್ಲಿ ಬರಿಯ ಸಾಕ್ಸಿನಲ್ಲಿ ನಿಂತಿದ್ದ.

"ಯಾರು?" ಅಂದೆ.

"ಆಸ್ಟ್ರಿಯಾದವರು. ಬೇಸಿಗೆ ಮುಗಿದ ಮೇಲೆ ಸಹಾಯಕ ಕೋಚ್ ಬೇಕಂತೆ. ಬ್ರಾನ್‌ವಿಕ್ ಬಿದ್ರೆ ಬರ್ತೀನಿ ಅಂದೆ."

"ನನ್ನ ಕೇಳ್ದೆ?"

"ಬಿದ್ರೆ ಅಂದೆ ಮಾರಿತಾ."

"ನೀನು ಹೋದ್ರೆ ನಾನು ಬರಲ್ಲ. ಇನ್ನೊಂದು ಸಲ ಫೋನಿನ ಜೊತೆ ಸಂಸಾರ ಮಾಡೋಕೂ ಆಗಲ್ಲ. ಈಗಲೇ ಹೇಳಿದೀನಿ, ಆಮೇಲೆ ಹೇಳ್ಲಿಲ್ಲ ಅನ್ಬೇಡ."

"ಹಂಗಾದ್ರೆ ಏನು ಮಾಡ್ಲಿ? ಮನೇಲಿ ಕೂತು ನಿನ್ನ ಆಲೂಗಡ್ಡೆ ಸುಲೀಲಾ?"

"ಸುಲಿ. ಕೈ ಇದೆಯಲ್ಲ."

ಕೈಯಲ್ಲಿದ್ದ ಬನ್ನನ್ನು ಅವನ ಮುಂದೆ ಕುಕ್ಕಿದೆ. ಕ್ರೀಮು ಅವನ ಗಡ್ಡಕ್ಕೆ ಹಾರಿತು. ಒರೆಸಿಕೊಳ್ಳದೆ ತಿಂದ. ನಾನೂ ಎದುರು ಕೂತು ಒಂದು ತಿಂದೆ. ಜಗಳ ಎಂದು ಸೆಮ್ಲಾ ಬಿಡುವ ಮನೆ ನಮ್ಮದಲ್ಲ.

ಅಲ್ಲಿಂದ ಬ್ರಾನ್‌ವಿಕ್ ಏನು ಕುಡಿದು ಬಂತೋ, ಗೆಲ್ಲತೊಡಗಿತು. ಹೋಕನ್ ಮುದುಕರನ್ನೂ ಮಕ್ಕಳನ್ನೂ ಸೇರಿಸಿ ಒಂದು ಗೋಡೆ ಕಟ್ಟಿದ್ದ. ಹಗಲು ಊರಿನ ನಲ್ಲಿ ರಿಪೇರಿ ಮಾಡಿ ಸಂಜೆ ಆಡಲು ಬರುವ ಸ್ವಾಂತೆ ಎಂಬ ಡಿಫೆಂಡರು; ಗೋಲಿನಲ್ಲಿ ಮೆಲ್ಕರ್ ಎಂಬ ಕಡ್ಡಿಯಂಥ ಹುಡುಗ. ಮೆಲ್ಕರ್‌ನ ಎಡಗೈ ಗ್ಲೌಸು ಮಾಯದ ಗ್ಲೌಸು. ಎಡಗಡೆ ಮೇಲಕ್ಕೆ ಹೊಡೆದ ಬಿಲ್ಲೆ ಅದರೊಳಗೆ ಹೋಗಿ ಕೂತುಬಿಡುತ್ತಿತ್ತು. ಬಲಗಡೆ, ಅದೂ ನೆಲಕ್ಕೆ ಹತ್ತಿ ಬಂದದ್ದು ಮಾತ್ರ ಅವನಿಗೆ ಕಷ್ಟ.

ಕೊನೆಗೆ ಉಳಿದದ್ದು ಒಂದೇ ಆಟ. ಮಾರ್ಚ್ ತಿಂಗಳ ಒಂದು ಭಾನುವಾರ, ಹೆಡ್‌ಫೋರ್ಸ್ ವಿರುದ್ಧ, ಹೆಡ್‌ಫೋರ್ಸ್‌ನ ಮೈದಾನದಲ್ಲೇ. ಬ್ರಾನ್‌ವಿಕ್‌ಗೆ ಬೇಕಾಗಿದ್ದುದು ಒಂದೇ ಅಂಕ. ಮೂರು ಅವಧಿ ಮುಗಿದಾಗ ಸಮ ಇದ್ದರೆ ಎರಡೂ ತಂಡಕ್ಕೆ ಒಂದೊಂದು ಸಿಗುತ್ತದೆ. ಆಮೇಲೆ ಹೆಚ್ಚುವರಿ ಆಟದಲ್ಲಿ ಗೆದ್ದವರಿಗೆ ಇನ್ನೊಂದು. ಹೆಡ್‌ಫೋರ್ಸ್‌ಗೆ ಪಟ್ಟಿಯಲ್ಲಿ ಗೆದ್ದರೂ ಸೋತರೂ ಏನೂ ಆಗುವುದಿರಲಿಲ್ಲ. ಬ್ರಾನ್‌ವಿಕ್ಕನ್ನು ತನ್ನ ಕೈಯಾರೆ ಕೆಳಗೆ ದೂಡುವ ಸುಖ ಇತ್ತು, ಅದು ಅವರಿಗೆ ಬೇಕಾದಷ್ಟಾಯಿತು.

ಊರಿಗೆ ಹುಚ್ಚು ಹಿಡಿಯಿತು. ಶಾಲೆಯ ಅಡುಗೆಮನೆಯಲ್ಲಿ ನನ್ನ ಜೊತೆಯವರು ಕ್ಯಾರೆಟ್ಟು ಹೆಚ್ಚುತ್ತಾ, "ಮಾರಿತಾ, ಭಾನುವಾರ ಯಾವ ಕಡೆ ಕೂರ್ತೀಯಾ?" ಎಂದು ದಿನಾ ಕೇಳುತ್ತಿದ್ದರು. ತೂವಾ ಹೆಡ್‌ಫೋರ್ಸ್ ಬೆಂಬಲಿಗರ ಗುಂಪಿನಲ್ಲಿ ದೊಡ್ಡ ಡೋಲು ಬಾರಿಸುವವಳು. ಅವಳು ಅದನ್ನು ಬಿಡುವ ಮಾತಿರಲಿಲ್ಲ.

"ನಿಮ್ಮಪ್ಪನ ವಿರುದ್ಧ ಬಾರಿಸ್ತೀಯಾ?" ಅಂದೆ.

"ಅಪ್ಪನ ವಿರುದ್ಧ ಅಲ್ಲಮ್ಮ, ಬ್ರಾನ್‌ವಿಕ್ ವಿರುದ್ಧ."

"ಬ್ರಾನ್‌ವಿಕ್ ಸೋತ್ರೆ ಅಪ್ಪ ಆಸ್ಟ್ರಿಯಾಕ್ಕೆ ಹೋಗ್ತಾನೆ, ಗೊತ್ತಿದೆಯಾ?"

"ಹಂಗಾದ್ರೆ ಮೆತ್ತಗೆ ಬಾರಿಸ್ತೀನಿ," ಅಂದಳು.

ಆಟಕ್ಕೆ ಇನ್ನು ಒಂದು ವಾರ ಇತ್ತು. ಆ ಭಾನುವಾರ ಪಾಲ್ಟ್ ಮಾಡಿದ್ದೆ: ತುರಿದ ಆಲೂಗಡ್ಡೆಯ ಕಡುಬು, ಒಳಗೆ ಹಂದಿಮಾಂಸ, ಮೇಲೆ ಬೆಣ್ಣೆ, ಪಕ್ಕದಲ್ಲಿ ಲಿಂಗನ್ ಹಣ್ಣಿನ ಜಾಮು. ಎರಡು ತಿಂದರೆ ಮನುಷ್ಯ ಮಲಗಬೇಕು. ಮಾವ ನಾಲ್ಕನೆಯದಕ್ಕೆ ಕೈ ಹಾಕಿದ್ದರು. ಹೋಕನ್ ಮುಳ್ಳುಚಮಚ ಕೆಳಗಿಟ್ಟು ಉಸಿರುಬಿಟ್ಟ.

"ಮೆಲ್ಕರ್ ಎಡಗೈಗೆ ಪೆಟ್ಟಾಗಿದೆ," ಅಂದ.

ನಾನು ಅವನ ಮುಖ ನೋಡಿದೆ. ಅಷ್ಟು ದಿನ ಮೇಜಿನಲ್ಲಿ ತಂಡದ ಹೆಸರೆತ್ತದವನು.

"ಮಣಿಕಟ್ಟು ಊದಿದೆ. ಗ್ಲೌಸು ಮೇಲಕ್ಕೆ ಎತ್ತೋಕೇ ಆಗ್ತಿಲ್ಲ. ಆದ್ರೂ ಆಡಿಸ್ಬೇಕು, ಬೇರೆ ಗೋಲ್‌ಕೀಪರ್ ಇಲ್ಲ. ಈ ಮನೆಯಿಂದ ಆಚೆ ಹೋಗಬಾರದು ಈ ಮಾತು. ಯಾರೂ ಹೇಳ್ಬೇಡಿ."

"ಪಾಪ," ಅಂದಳು ತೂವಾ.

ಮಾವ ನಾಲ್ಕನೆಯ ಪಾಲ್ಟನ್ನು ಅರ್ಧಕ್ಕೆ ಬಿಟ್ಟು ಎದ್ದರು. ಅವರು ಪಾಲ್ಟ್ ಬಿಟ್ಟದ್ದನ್ನು ನಾನು ನೋಡಿರಲಿಲ್ಲ.

ಪಾತ್ರೆ ತೊಳೆಯುವಾಗ ಹೋಕನ್ ಒರೆಸಲು ಬಟ್ಟೆ ತೆಗೆದುಕೊಂಡು ಬಂದು ನಿಂತ. ಬಾಯಿಯ ಮೂಲೆಯಲ್ಲಿ ನಗು ಇತ್ತು.

"ಮೇಜಲ್ಲಿ ಹಾಕಿ ಮಾತು ಬೇಡ ಅಂದಿರ್ಲಿಲ್ವಾ?" ಅಂದೆ. "ಆ ಹುಡುಗನಿಗೆ ಯಾವಾಗ ಪೆಟ್ಟಾಯ್ತು?"

"ಆಗಿಲ್ಲ."

"ಏನಂದೆ?"

"ಕೈ ಕಲ್ಲಿನಂಗಿದೆ. ಬೇಕಂತಲೇ ಹೇಳ್ದೆ. ಅಪ್ಪ ನಾಳೆ ಮೈದಾನಕ್ಕೆ ಹೋಗ್ತಾನೆ, ಅವರ ಕೋಚ್ ಕ್ರಿಸ್ಟಫರ್ ಕಿವೀಲಿ ಹಾಕ್ತಾನೆ. ಅವರು ಇಡೀ ಆಟ ಮೆಲ್ಕರ್ ಎಡಗಡೆ ಮೇಲಕ್ಕೇ ಹೊಡೀತಾರೆ. ಅವನು ನಿದ್ದೇಲೂ ಹಿಡೀತಾನೆ ಅಲ್ಲಿ."

ನನ್ನ ಕೈಯಲ್ಲಿ ಪಾಲ್ಟ್ ಬೇಯಿಸಿದ ದೊಡ್ಡ ಪಾತ್ರೆ ಇತ್ತು. ಅದನ್ನು ತೊಟ್ಟಿಗೆ ಬಿಟ್ಟ ಸದ್ದಿಗೆ ತೂವಾ ಕೋಣೆಯಿಂದ, "ಏನಾಯ್ತು?" ಎಂದು ಕೂಗಿದಳು.

"ಏನೂ ಇಲ್ಲ," ಎಂದು ಕೂಗಿ, ದನಿ ತಗ್ಗಿಸಿದೆ. "ಹೆತ್ತ ಅಪ್ಪನಿಗೆ ಗಾಳ ಹಾಕ್ತಿದೀಯಾ?"

"ಹೆತ್ತ ಅಪ್ಪ ಚಳಿಗಾಲ ಪೂರ್ತಿ ನನ್ನ ಜೊತೆ ನೆಟ್ಟಗೆ ಮಾತಾಡಿಲ್ಲ. ಅವನಿಗೆ ಆ ಕ್ಲಬ್ಬೇ ಮಗ."

"ಅವರು ಹೇಳಲ್ಲ."

"ಹೇಳಲ್ಲ ಅಂತೀಯಾ? ಆಣೆ ಇಟ್ಟು ಹೇಳು ನೋಡೋಣ."

ನಾನು ಆಣೆ ಇಡಲಿಲ್ಲ. ಇಡಲು ಬಾಯಿ ಬರಲಿಲ್ಲ, ಅದಕ್ಕೇ ಇನ್ನೂ ಸಿಟ್ಟು ಬಂತು. "ಒಂದು ವೇಳೆ ಅವರು ಹೇಳಿದ್ರೂ ನೀನು ಸೋತ ಹಂಗೇ," ಅಂದೆ.

"ಹೇಳಿದ್ರೆ ನಾನು ಉಳೀತೀನಿ ಮಾರಿತಾ. ನಿನಗೆ ನಾನು ಇಲ್ಲೇ ಇರ್ಬೇಕಾ ಬೇಡ್ವಾ?"

ಬೇಕಿತ್ತು. ಬಾಯಿ ಮುಚ್ಚಿಕೊಂಡೆ.

ಆ ವಾರ ನಾನು ಮುದುಕನನ್ನು ಕಳ್ಳನನ್ನು ಕಾಯುವಂತೆ ಕಾದೆ. ಸೋಮವಾರ ಹುರಿದ ಮೀನು. ಮಾವ ಮುಳ್ಳು ಬಿಡಿಸುತ್ತಾ ತಲೆ ಎತ್ತಲಿಲ್ಲ. ಮಂಗಳವಾರ ತಡವಾಗಿ ಬಂದರು, ಕೆನ್ನೆ ಕೆಂಪಾಗಿತ್ತು.

"ಎಲ್ಲಿದ್ರಿ ಮಾವ? ಆರಿಹೋಯ್ತು."

"ಮೈದಾನದಲ್ಲಿ. ಕೆಲಸ ಇತ್ತು."

"ಏನು ಕೆಲಸ?"

"ಐಸ್ ಕೆಲಸ. ನಾನೇನು ಅಲ್ಲಿ ಕೇಕು ಮಾಡ್ತೀನಾ?"

ಹೋಕನ್ ನನ್ನ ಕಡೆ ಹುಬ್ಬು ಹಾರಿಸಿದ. ನೋಡಿದೆಯಾ ಅನ್ನುವ ಹಾಗೆ. ಮೇಜಿನ ಕೆಳಗೆ ಅವನ ಕಾಲಿಗೆ ಒದ್ದೆ. ಕೆಟ್ಟ ಮೊಣಕಾಲಿಗೇ ತಗುಲಿತು.

ಬುಧವಾರ ಮಾವ ನನ್ನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿದರು. "ಆಸ್ಟ್ರಿಯಾದ ಮಾತು ನಿಜವಾ?" ಎಂದು ಕೇಳಿದರು.

"ನಿಜ. ಬ್ರಾನ್‌ವಿಕ್ ಬಿದ್ರೆ ಹೋಗ್ತಾನೆ."

"ನೀನು?"

"ನಾನು ಎಲ್ಲಿಗೂ ಹೋಗಲ್ಲ."

"ಹೂಂ." ಬೂಟಿನ ಹಿಮ ಕೊಡವಿದರು. "ಆ ಕ್ಲಬ್ಬಿಗೆ ಹೋಗ್ಬೇಡ ಅಂತ ಅವನಿಗೆ ಹೇಳಿದ್ದೆ. ಒಂದು ವರ್ಷ ತಾಳ್ಕೊಂಡಿದ್ರೆ ಸಮಿತಿಯವರೇ ಕಾಲು ಹಿಡೀತಿದ್ರು."

"ಅವನಿಗೆ ತಾಳ್ಮೆ ಎಲ್ಲಿಂದ ಬರ್ಬೇಕು ಮಾವ? ನಿಮ್ಮ ಮಗ ತಾನೆ?"

ಅಲ್ಲಿಯೇ ಎಲ್ಲ ಹೇಳಿಬಿಡಬೇಕು ಅನ್ನಿಸಿತು. ಮೆಲ್ಕರ್‌ನ ಕೈ ಸರಿಯಾಗಿದೆ, ಬಾಯಿ ಬಿಟ್ಟು ಕೆಡಬೇಡಿ ಎಂದು. ನಾಲಗೆಯ ತುದಿಗೆ ಬಂದದ್ದನ್ನು ನುಂಗಿದೆ. ಹೇಳಿದ್ದರೆ ಗಂಡನ ಆಟ ನಾನೇ ಕೆಡಿಸಿದಂತೆ.

ಶುಕ್ರವಾರದ ಟಾಕೋ ಊಟಕ್ಕೆ ಅವರು ಬರಲೇ ಇಲ್ಲ. ತೂವಾ ಒಂದು ತಟ್ಟೆ ಕೆಳಗೆ ತೆಗೆದುಕೊಂಡು ಹೋದಳು. ವಾಪಸು ಬಂದು, "ತಾತ ರೇಡಿಯೋ ಮುಂದೆ ಕೂತಿದಾನೆ. ರೇಡಿಯೋ ಆಫ್ ಆಗಿದೆ," ಅಂದಳು.

ಭಾನುವಾರ ಬಿಸಿಲು ಚೆನ್ನಾಗಿತ್ತು, ಹಿಮ ಕಣ್ಣು ಕುಕ್ಕುತ್ತಿತ್ತು. ಮಧ್ಯಾಹ್ನವೇ ಮೈದಾನದ ಮುಂದೆ ಕಾರು ನಿಲ್ಲಿಸಲು ಜಾಗವಿರಲಿಲ್ಲ. ಬ್ರಾನ್‌ವಿಕ್‌ನಿಂದ ಬಸ್ಸುಗಳು ಬಂದವು, ಒಳಗಿನಿಂದಲೇ ಹಾಡು. ಸಾಸೇಜಿನ ಹೊಗೆ, ಕಾಫಿಯ ವಾಸನೆ, ಕೆಂಪು ಟೋಪಿ, ಹಸಿರು ಟೋಪಿ. ನಾನು ಯಾವ ಕಡೆಯೂ ಕೂರಲಿಲ್ಲ. ಐಸ್ ಯಂತ್ರ ಒಳಗೆ ಹೊರಗೆ ಹೋಗುವ ಗೇಟಿನ ಪಕ್ಕ, ಗಾಜಿಗೆ ಮೂಗು ಹಚ್ಚಿ ನಿಂತೆ. ಅಲ್ಲಿಂದ ಎಡಕ್ಕೆ ಹೋಕನ್‌ನ ಬೆಂಚು ಕಾಣುತ್ತಿತ್ತು, ಬಲಕ್ಕೆ ಸ್ಟೂಲಿನ ಮೇಲೆ ಕೂತ ಮಾವ.

ರೆಫರಿಯ ಕೈಯಿಂದ ಬಿಲ್ಲೆ ಐಸಿಗೆ ಬಿತ್ತು. ತೂವಾಳ ಡೋಲು ಶುರುವಾಯಿತು. ಮೆತ್ತಗೇನೂ ಇರಲಿಲ್ಲ.

ಹೆಡ್‌ಫೋರ್ಸ್‌ನ ಹುಡುಗರು ಮೈಗೆ ಬೆಂಕಿ ಬಿದ್ದವರಂತೆ ಓಡಿದರು. ಮೊದಲು ಎರಡು ಹೊಡೆತ ಮೇಲೆ ಎಡಗಡೆಗೇ ಬಂದವು. ಮೆಲ್ಕರ್ ನೊಣ ಹಿಡಿದಂತೆ ಹಿಡಿದ. ಹೋಕನ್ ಬೆಂಚಿನ ಹಿಂದೆ ಕೈ ಉಜ್ಜಿಕೊಂಡ. ಅವನು ತನ್ನ ಡಿಫೆಂಡರುಗಳಿಗೆ ಏನು ಹೇಳಿಕೊಟ್ಟಿದ್ದನೆಂದು ನನಗೆ ಆಗ ಗೊತ್ತಾಯಿತು: ದೂರದಿಂದ ಹೊಡೆಯಲು ಬಿಡಿ, ಅಡ್ಡ ಬೀಳಬೇಡಿ, ಎಲ್ಲ ಎಡಗಡೆಗೇ ಬರುತ್ತದೆ. ಸ್ವಾಂತೆಯಂಥವನೂ ಬದಿಗೆ ಸರಿದು ದಾರಿ ಬಿಡುತ್ತಿದ್ದ.

ಮೂರನೆಯ ಹೊಡೆತ ಬಲಗಡೆ, ನೆಲಕ್ಕೆ ಹತ್ತಿ. ಗೋಲು. ಮೈದಾನವೇ ಹಾರಿಹೋಗುವಂತೆ ಕೂಗು ಎದ್ದಿತು.

"ಆಕಸ್ಮಿಕ," ಎಂದು ನನಗೆ ನಾನೇ ಹೇಳಿಕೊಂಡೆ.

ಎರಡನೆಯ ಅವಧಿಯಲ್ಲಿ ಬ್ರಾನ್‌ವಿಕ್ ಒಂದು ಹೊಡೆಯಿತು. ಹಸಿರು ಮೂಲೆಯಿಂದ ಬಂದ ಕೂಗಿಗೆ ಗಾಜು ನಡುಗಿತು. ಆಮೇಲೆ ಹೆಡ್‌ಫೋರ್ಸ್ ಮತ್ತೆ. ಬಲಗಡೆ, ಕೆಳಗೆ. ಇನ್ನೊಂದು. ಅದೂ ಬಲಗಡೆ, ಕೆಳಗೆ. ಮೂರು, ಒಂದು. ಅವರು ಮೆಲ್ಕರ್‌ನ ಬಲಗಾಲನ್ನೇ ಹುಡುಕಿ ಹೊಡೆಯುತ್ತಿದ್ದರು, ಈ ವರ್ಷ ಅವನ ಎದುರು ಆಡಿದ ಎಲ್ಲರಂತೆ. ಅವರ ಕಿವಿಗೆ ಯಾವ ಕೈಯ ಸುದ್ದಿಯೂ ಬಿದ್ದಿರಲಿಲ್ಲ.

ಹೋಕನ್‌ಗೂ ಅದು ಹೊಳೆಯಿತು. ಅವನು ಆಟ ನೋಡುವುದು ಬಿಟ್ಟು ಗೇಟಿನ ಕಡೆ, ಸ್ಟೂಲಿನ ಮೇಲೆ ಕೂತ ಅಪ್ಪನ ಕಡೆ ನೋಡಿದ.

ಅವಧಿ ಮುಗಿಯಿತು. ಆಟಗಾರರು ಒಳಗೆ ಹೋದರು. ಮಾವ ಯಂತ್ರ ಹತ್ತಿ ಐಸಿಗೆ ಇಳಿದರು, ಸುತ್ತು ಮೇಲೆ ಸುತ್ತು, ಯಾವತ್ತಿನ ಹಾಗೆ ಬೆನ್ನು ನೆಟ್ಟಗೆ. ವಾಪಸು ಗೇಟಿಗೆ ಬಂದಾಗ ಹೋಕನ್ ಅಡ್ಡ ನಿಂತಿದ್ದ. ತಂಡದ ಕೋಣೆಯಲ್ಲಿರಬೇಕಾದವನು. ನಾನು ಎರಡು ಹೆಜ್ಜೆ ಆಚೆ ಇದ್ದೆ.

"ಅಪ್ಪ, ನೀನು ಹೇಳ್ಲಿಲ್ಲ," ಅಂದ.

"ಏನನ್ನ?"

"ಮೆಲ್ಕರ್ ಕೈ ವಿಷಯ."

"ಹೇಳ್ಬೇಡಿ ಅಂದವನು ನೀನೇ ತಾನೆ?" ಮಾವ ಯಂತ್ರದ ಮೇಲಿಂದ ಬಗ್ಗಿದರು. ಅವರ ಮುಖ ನಿಧಾನವಾಗಿ ಬದಲಾಯಿತು. "ಮೊದಲನೇ ಅವಧೀಲಿ ಅವನು ಆ ಕೈಯಲ್ಲಿ ಎರಡು ಹಿಡಿದ. ಊದಿದ ಕೈ ಅಲ್ಲ ಅದು."

"ಅಲ್ಲ."

"ಸುಳ್ಳು ಹೇಳಿದ್ದೆ."

"ಹೌದು."

"ನಾನು ಹೋಗಿ ಉಸುರ್ತೀನಿ ಅಂತ."

ಯಂತ್ರದಿಂದ ಆವಿ ಏಳುತ್ತಿತ್ತು. ಮುದುಕ ಹೊಡೆದುಬಿಡುತ್ತಾರೆ ಅಂದುಕೊಂಡೆ. ಹೊಡೆದಿದ್ದರೆ ನಾನು ಬಿಡಿಸುತ್ತಿರಲಿಲ್ಲ.

"ನಿನ್ನ ಡಿಫೆಂಡರುಗಳು ಮದುವೆ ಮನೇಲಿ ಬಾಗಿಲು ತೆಗೆಯೋರ ಹಂಗೆ ಪಕ್ಕಕ್ಕೆ ಸರೀತಿದಾರೆ," ಅಂದರು ಮಾವ. ದನಿ ಏರಿಸಲಿಲ್ಲ. "ಈ ಐಸ್ ಮೇಲೆ ಆಡಿದವನು ನೀನು. ಇಂಥ ಆಟ ನಿನಗೆ ಕಲಿಸಿದವರು ಯಾರು? ನಾನಂತೂ ಅಲ್ಲ. ಈಗ ಪಕ್ಕಕ್ಕೆ ಸರಿ, ಯಂತ್ರ ಒಳಗೆ ಹೋಗ್ಬೇಕು."

ಹೋಕನ್ ಸರಿದ. ಒಂದು ಗಳಿಗೆ ಅಲ್ಲೇ ನಿಂತ. ಆಮೇಲೆ ಆ ಕೆಟ್ಟ ಮೊಣಕಾಲಿನಲ್ಲಿ ಓಡಿದ, ತಂಡದ ಕೋಣೆಯ ಕಡೆಗೆ.

ಒಳಗೆ ಏನು ಹೇಳಿದನೆಂದು ಸ್ವಾಂತೆ ನನಗೆ ಆಮೇಲೆ ತಿಳಿಸಿದ. "ಕೋಚ್ ಬಂದೋನೇ ನಾನು ಕತ್ತೆ ಅಂದ. ಇಷ್ಟು ಹೊತ್ತು ಹೇಳಿದ್ದೆಲ್ಲ ಮರೆತುಬಿಡಿ, ಮೆಲ್ಕರ್ ಮುಂದೆ ಮಲಗಿ, ಬಿಲ್ಲೆ ಅವನ ತನಕ ಬರ್ಲೇಬಾರದು ಅಂದ. ನಾವು ಎಷ್ಟೋ ದಿನದಿಂದ ಅದಕ್ಕೇ ಕಾಯ್ತಿದ್ವಿ."

ಮೂರನೆಯ ಅವಧಿಯಲ್ಲಿ ಬ್ರಾನ್‌ವಿಕ್‌ನವರು ಮಲಗಿದರು. ಹೊಟ್ಟೆ ಮೇಲೆ, ಪಕ್ಕೆ ಮೇಲೆ, ಮುಖ ಕೊಟ್ಟು. ಹೆಡ್‌ಫೋರ್ಸ್ ಹೊಡೆದದ್ದೆಲ್ಲ ಯಾರದೋ ಕಾಲಿಗೆ, ಯಾರದೋ ಎದೆಗೆ ಬಡಿಯಿತು. ಸ್ವಾಂತೆ ಒಂದನ್ನು ದವಡೆಗೆ ತೆಗೆದುಕೊಂಡು, ರಕ್ತ ಉಗಿದು, ಎದ್ದು, ಮತ್ತೆ ಮಲಗಿದ. ನಾನು ಗಾಜು ಬಡಿಯುತ್ತಿದ್ದೆ. ಅಂಗೈ ಉರಿಯುತ್ತಿದ್ದದ್ದೂ ಗೊತ್ತಾಗಲಿಲ್ಲ. ಅಂಥದೇ ಒಂದು ಬಿಲ್ಲೆ ಸ್ವಾಂತೆಯ ಮೊಣಕಾಲಿಗೆ ತಾಗಿ ಆಚೆ ಚಿಮ್ಮಿತು, ಹಸಿರು ಹುಡುಗನೊಬ್ಬ ಒಬ್ಬನೇ ಓಡಿದ, ಹೊಡೆದ. ಮೂರು, ಎರಡು.

"ಅವನ ಕಾಲು ನೋಡು," ಅಂದರು ಯಾರೋ ಪಕ್ಕದಲ್ಲಿ. ಮಾವ. ಸ್ಟೂಲು ಬಿಟ್ಟು ಬಂದು ನನ್ನ ಪಕ್ಕ ಗಾಜಿಗೆ ಹಣೆ ಒತ್ತಿ ನಿಂತಿದ್ದರು. "ಆ ಕೊಳಾಯಿ ರಿಪೇರಿಯವನ ಕಾಲು. ಹಿಂಗೇ ಬೀಳ್ತಿದ್ದ ಹೋಕನ್."

"ಮಾವ, ನೀವು ಯಾವ ಕಡೆ?"

"ನಾನು ಐಸ್ ನೋಡ್ತಿದೀನಿ."

ಕೊನೆಯ ನಿಮಿಷ. ಹೋಕನ್ ಕೈ ಎತ್ತಿದ. ಮೆಲ್ಕರ್ ಗೋಲು ಬಿಟ್ಟು ಬೆಂಚಿಗೆ ಓಡಿಬಂದ, ಅವನ ಬದಲು ಗೋಲು ಹೊಡೆಯಲು ಇನ್ನೊಬ್ಬ ಆಟಗಾರ ಐಸಿಗೆ ಹಾರಿದ. ಹಿಂದೆ ಗೋಲು ಖಾಲಿ. ಬಿಲ್ಲೆ ಒಂದು ಸಲ ಆ ಕಡೆ ಜಾರಿದರೆ ಮುಗಿಯಿತು: ಬ್ರಾನ್‌ವಿಕ್ ಕೆಳಗೆ, ಹೋಕನ್ ಆಸ್ಟ್ರಿಯಾಕ್ಕೆ. ಹೆಡ್‌ಫೋರ್ಸ್‌ನವನೊಬ್ಬ ಬಿಲ್ಲೆ ಕಸಿದು ದೂರದಿಂದಲೇ ಖಾಲಿ ಗೋಲಿಗೆ ತಳ್ಳಿದ. ಅದು ಜಾರಿತು, ಜಾರಿತು, ಇಡೀ ಮೈದಾನ ಎದ್ದು ನಿಂತಿತು. ಕಂಬಕ್ಕೆ ಬಡಿದು ಆಚೆ ಹೋಯಿತು.

ಆಗ ಡೋಲು ನಿಂತದ್ದು ಕೇಳಿಸಿತು. ಕೆಂಪು ಗುಂಪಿನ ನಡುವೆ ತೂವಾ ಕೋಲನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು.

ಹಸಿರಿನವರು ಬಿಲ್ಲೆ ತಂದರು. ಗೋಡೆಗೆ, ಕೋಲಿಗೆ, ಮತ್ತೆ ಗೋಡೆಗೆ. ನೀಲಿ ಗೆರೆಯ ಹತ್ತಿರ ಸ್ವಾಂತೆ ಇದ್ದ, ಇಡೀ ವರ್ಷದಲ್ಲಿ ಒಂದೂ ಗೋಲು ಹೊಡೆಯದವನು. ಕಣ್ಣು ಮುಚ್ಚಿಕೊಂಡೇ ಹೊಡೆದನಂತೆ. ಕಾಲುಗಳ ಕಾಡಿನ ನಡುವೆ ಬಿಲ್ಲೆ ಎಲ್ಲಿ ಹೋಯಿತೆಂದು ಯಾರಿಗೂ ಕಾಣಲಿಲ್ಲ. ಗೋಲಿನ ಹಿಂದಿನ ಕೆಂಪು ದೀಪ ಹತ್ತಿತು.

ಮೂರು, ಮೂರು. ಅವಧಿ ಮುಗಿದ ಗಂಟೆ ಹೊಡೆಯಿತು.

ಹಸಿರಿನವರು ಬೆಂಚು ಹಾರಿ ಒಬ್ಬರ ಮೇಲೊಬ್ಬರು ಬಿದ್ದರು. ಅಂಕ ಸಿಕ್ಕಿತ್ತು. ಬ್ರಾನ್‌ವಿಕ್ ಉಳಿಯಿತು. ಇನ್ನೂ ಹೆಚ್ಚುವರಿ ಆಟ ಬಾಕಿ ಇದೆ ಎಂದು ರೆಫರಿ ಸೀಟಿ ಊದಿ ಊದಿ ಸುಸ್ತಾದ. ಆಡಿದರು. ನಗುತ್ತಲೇ ಆಡಿ ಹಸಿರಿನವರು ಒಂದು ಗೋಲು ಬಿಟ್ಟುಕೊಟ್ಟರು. ಹೆಡ್‌ಫೋರ್ಸ್ ಗೆದ್ದಿತು. ಹಾಗಾಗಿ ಆ ಸಂಜೆ ಎರಡು ಊರೂ ಒಂದೇ ಮೈದಾನದಲ್ಲಿ ಕುಣಿದವು. ಇಂಥದ್ದು ನಮ್ಮ ಕಡೆ ಯಾರೂ ಕಂಡಿರಲಿಲ್ಲ. ತೂವಾ ಡೋಲು ಹರಿದುಹೋಗುವ ಹಾಗೆ ಬಾರಿಸಿದಳು.

ಮೈದಾನದೊಳಗಿನ ಓಣಿಯಲ್ಲಿ ಹೋಕನ್ ನನ್ನನ್ನು ಎತ್ತಿ ಇಳಿಸಿದ. ಬೆವರು, ಬಿಯರು, ಒದ್ದೆ ಜಾಕೆಟ್ಟು.

"ಆಸ್ಟ್ರಿಯಾದವರಿಗೆ ಬರಲ್ಲ ಅಂತ ಮೆಸೇಜ್ ಹಾಕ್ದೆ," ಅಂದ.

"ಒಳ್ಳೇದು. ಈಗ ಹೋಗಿ ನಿಮ್ಮಪ್ಪನ ಹತ್ತಿರ ಮಾತಾಡು. ಇಲ್ದಿದ್ರೆ ನಾನೇ ನಿನ್ನ ಆಸ್ಟ್ರಿಯಾಕ್ಕೆ ಕಳಿಸ್ತೀನಿ."

ಮಾವ ಯಂತ್ರದ ಕೊಟ್ಟಿಗೆಯಲ್ಲಿದ್ದರು. ಯಂತ್ರದ ಹೊಟ್ಟೆಯಲ್ಲಿ ತುಂಬಿದ ಐಸ್ ಪುಡಿಯನ್ನು ನೆಲಕ್ಕೆ ಸುರಿದು, ಸಲಿಕೆಯಲ್ಲಿ ಹೊರಗೆ ಎಳೆಯುತ್ತಿದ್ದರು. ನಮ್ಮನ್ನು ನೋಡಿದರು, ಕೆಲಸ ನಿಲ್ಲಿಸಲಿಲ್ಲ.

"ತಪ್ಪಾಯ್ತು ಅಪ್ಪ," ಅಂದ ಹೋಕನ್.

"ಆಯ್ತು."

"ನೀನು ಯಾಕೆ ಹೇಳ್ಲಿಲ್ಲ?"

ಸಲಿಕೆ ನಿಂತಿತು. "ಹೇಳೋಕೆ ಹೋಗಿದ್ದೆ," ಅಂದರು ಮಾವ. "ಮಂಗಳವಾರ. ಕ್ರಿಸ್ಟಫರ್ ಕೋಣೆಗೆ. ಅವನು ಫೋನಲ್ಲಿದ್ದ, ಕೂತ್ಕೊಳ್ಳಿ ಅಂತ ಕೈ ಮಾಡಿದ. ಕೂತೆ. ಅವನು ಮಾತಾಡ್ತಾನೇ ಇದ್ದ. ಎದ್ದು ಬಂದೆ."

"ಅವನು ಫೋನ್ ಇಟ್ಟಿದ್ರೆ?"

ಇಲ್ಲ ಕಣೋ, ಹೇಳುತ್ತಿರಲಿಲ್ಲ ಅನ್ನಲಿ ಎಂದು ನಾನು ಕಾದೆ. ಅಷ್ಟು ಸಣ್ಣ ಸುಳ್ಳು ಹೇಳಿ ಮುಗಿಸಿಬಿಡಲಿ ಎಂದು. ಮಾವ ಸಲಿಕೆಗೆ ಅಂಟಿದ ಐಸನ್ನು ಬೂಟಿನಿಂದ ಕೆಡವಿದರು.

"ಗೊತ್ತಿಲ್ಲ ಕಣೋ," ಅಂದರು.

ಹೋಕನ್ ಅವರ ಮುಖ ನೋಡಿದ. ಆಮೇಲೆ ಹಲ್ಲಿಲ್ಲದ ಬಾಯಿ ತೆರೆದು ಜೋರಾಗಿ ನಕ್ಕ. ಮಾವನಿಗೂ ತಡೆಯಲಾಗಲಿಲ್ಲ, ಮೂಗಿನಲ್ಲೇ ನಕ್ಕರು. ಹೊರಗೆ ಬ್ರಾನ್‌ವಿಕ್‌ನ ಬಸ್ಸು ಕೋಚ್‌ಗಾಗಿ ಹಾರ್ನ್ ಹೊಡೆಯಿತು. ಮತ್ತೆ ಹೊಡೆಯಿತು.

"ನಿನ್ನ ಬಸ್ಸು," ಅಂದರು ಮಾವ.

"ಹೋಗಲಿ ಬಿಡು," ಅಂದ ಹೋಕನ್. ಗೋಡೆಗೆ ಒರಗಿಸಿದ್ದ ಇನ್ನೊಂದು ಸಲಿಕೆ ತೆಗೆದುಕೊಂಡ.

"ಆ ಕಡೆಯಿಂದ ಎಳಿ," ಅಂದರು ಮಾವ. "ಗೋಡೆ ಪಕ್ಕದ್ದು ಗಟ್ಟಿಯಾಗೋಕೆ ಮುಂಚೆ."